ಬಾಕ್ಸ್ ಎಸೆಯುವ ಮುನ್ನ ಚೀಟಿ ನೋಡಿ

ಹಳೆಯ ವಾಲ್ವ್ ರೇಡಿಯೊ ಒಂದನ್ನು ವಾಟ್ಸ್‌ಆ್ಯಪ್ ಗುಂಪಿನ ಹರಾಜಿನಲ್ಲಿ 1,400 ರೂಪಾಯಿಗೆ ಕೂಗಿ ಹಿಡಿದಿದ್ದೆ. ಮಾರಾಟಗಾರ ಜೈಪುರದವನು. ದುಡ್ಡು ಹಾಕಿದ ಮರುದಿನ ಆತನಿಂದ ಇನ್ನೊಂದು ಸಂದೇಶ: ಕೊರಿಯರ್‌ಗೆ 990 ರೂಪಾಯಿ ಬೇರೆ ಕಳಿಸಬೇಕು. ಆರು ಕಿಲೋ ರೇಡಿಯೊಗೆ ಅಷ್ಟೇಕೆ ಎಂದು ಜಗಳ ತೆಗೆದೆ. ಕೊನೆಗೆ ಕಟ್ಟಿದೆ. ನಮ್ಮೂರು ಲೋಕಿಕೆರೆ. ವಾರದ ಮೇಲೆ ದಾವಣಗೆರೆಯ ಕೊರಿಯರ್ ಆಫೀಸಿನಿಂದ ಫೋನ್ ಬಂತು: “ಲೋಕಿಕೆರೆಗೆಲ್ಲ ನಮ್ ಸರ್ವಿಸ್ ಇಲ್ಲ ಸರ್, ಇಲ್ಲಿಗೇ ಬಂದು ತಗಂಡ್ ಹೋಗ್ರಿ.”

ಇದರಲ್ಲಿ ಎರಡು ತಕರಾರುಗಳಿವೆ: ಸಾಗಣೆಯ ದರ, ಮನೆಗೆ ಬಾರದ ಡೆಲಿವರಿ. ಮೊದಲನೆಯದರಲ್ಲಿ ಅರ್ಧ ತಪ್ಪು ನನ್ನದೇ. ಕೊರಿಯರ್‌ನವರು ತಕ್ಕಡಿಯ ತೂಕವೊಂದನ್ನೇ ನೋಡುವುದಿಲ್ಲ. ಬಾಕ್ಸಿನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ರಿಂದ ಭಾಗಿಸುತ್ತಾರೆ. ಬರುವ ಸಂಖ್ಯೆ ಗಾತ್ರದ ತೂಕ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೇ ದರ. ಲಾರಿಯಲ್ಲಿ ಜಾಗ ತಿನ್ನುವುದು ಗಾತ್ರವಾದ್ದರಿಂದ ಲೆಕ್ಕ ನ್ಯಾಯವಾದದ್ದೇ. ಒಡೆಯಬಾರದೆಂದು ಸುತ್ತಲೂ ಥರ್ಮಾಕೋಲ್ ತುಂಬಿದ ರೇಡಿಯೊ ಆರು ಕಿಲೋ ಇದ್ದರೂ ದರದ ಲೆಕ್ಕದಲ್ಲಿ ಹಗುರವಲ್ಲ.

ಆದರೆ ನನ್ನ ಬಾಕ್ಸಿನ ಮೇಲಿನ ಚೀಟಿಯಲ್ಲಿ 45, 30, 30 ಎಂದಿತ್ತು. ಟೇಪ್ ಹಿಡಿದು ಅಳೆದೆ, ಸರಿಯಾಗಿಯೇ ಇತ್ತು. ಗುಣಿಸಿದರೆ 40,500, ಭಾಗಿಸಿದರೆ 8.1. ಮುಂದಿನ ಕಿಲೋಗೆ ಏರಿಸಿ 9 ಎಂದು ಚೀಟಿಯಲ್ಲೇ ಮುದ್ರಿಸಿದ್ದರು. ಮಾರಾಟಗಾರ ಕಿಲೋಗೆ 90ರಂತೆ 11 ಕಿಲೋಗೆ ವಸೂಲಿ ಮಾಡಿದ್ದ. ಚೀಟಿಯ ಫೋಟೊ ಕಳಿಸಿದೆ, ಹೆಚ್ಚಿಗೆ ಪಡೆದ 180 ರೂಪಾಯಿ ಅಂದೇ ವಾಪಸ್ ಬಂತು. ಅದಕ್ಕೂ ಮೊದಲು ಎರಡು ದಿನ ನಾನು ಬರೆದ ಉದ್ದುದ್ದ ಸಂದೇಶಗಳಿಗೆ ಆತ ಜಗ್ಗಿರಲಿಲ್ಲ. ಪಾರ್ಸೆಲ್ ಬಂದ ಖುಷಿಯಲ್ಲಿ ನಾವು ಮೊದಲು ಹರಿದು ಬಿಸಾಕುವುದು ಈ ಚೀಟಿಯನ್ನೇ.

ದುಡ್ಡು ಹಾಕಿಸಿಕೊಂಡ ಮೇಲೆ ಸಾಗಣೆ ವೆಚ್ಚ ಹೇಳುವುದು ಮಾತ್ರ ತಪ್ಪು. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ಮಾರಾಟಗಾರ ಒಟ್ಟು ಬೆಲೆಯನ್ನು ಒಂದೇ ಮೊತ್ತವಾಗಿ ತೋರಿಸಬೇಕು. ಅಂಚೆ, ಡೆಲಿವರಿ, ತೆರಿಗೆಯ ವಿವರವನ್ನು ಬಿಡಿಸಿ ಹೇಳಬೇಕು. ವಸ್ತು ಹಿಂದಿರುಗಿಸುವ ಖರ್ಚಿನ ಮಾಹಿತಿಯನ್ನೂ ಕೊಡಬೇಕು. ಬೆಲೆಯನ್ನು ಹನಿಹನಿಯಾಗಿ ಏರಿಸುತ್ತಾ ಹೋಗುವುದನ್ನು 2023ರ ನವೆಂಬರ್ 30ರ ಕೇಂದ್ರ ಮಾರ್ಗಸೂಚಿ ನಿಷೇಧಿತ ತಂತ್ರಗಳ ಪಟ್ಟಿಗೇ ಸೇರಿಸಿದೆ. ಒಂದು ಎಚ್ಚರ: ಮನೆಯ ಹಳೆಯ ಸಾಮಾನನ್ನು ಒಮ್ಮೆ ಮಾರುವ ಖಾಸಗಿ ವ್ಯಕ್ತಿಗೆ ಇ-ಕಾಮರ್ಸ್ ನಿಯಮಗಳು ಅನ್ವಯಿಸುವುದಿಲ್ಲ. ಅಲ್ಲಿ ನಿಮ್ಮ ಚಾಟ್‌ನಲ್ಲಿ ಏನು ಒಪ್ಪಿಗೆಯಾಗಿದೆಯೋ ಅದೇ ಆಧಾರ. ಹಾಗಾಗಿ ಕೂಗುವ ಮುನ್ನವೇ ಕೇಳಿ: ಪ್ಯಾಕ್ ಮಾಡಿದ ಮೇಲೆ ಬಾಕ್ಸಿನ ಅಳತೆ ಎಷ್ಟು, ನನ್ನ ಪಿನ್‌ಕೋಡಿಗೆ ಒಟ್ಟು ಎಷ್ಟು, ಮನೆ ಬಾಗಿಲಿಗೆ ಬರುತ್ತದೆಯೇ? ಉತ್ತರ ಬರಹದಲ್ಲೇ ಇರಲಿ.

ಮೂರನೆಯ ಪ್ರಶ್ನೆ ನಮ್ಮಂಥ ಹಳ್ಳಿಯವರಿಗೆ ಮೊದಲನೆಯದು. ಮನೆವರೆಗಿನ ಡೆಲಿವರಿಗೆ ದುಡ್ಡು ಕೊಟ್ಟು, ಮತ್ತೆ ಒಂದು ದಿನದ ಕೆಲಸ ಬಿಟ್ಟು, ಬಸ್ ಚಾರ್ಜ್ ಹಾಕಿಕೊಂಡು ಪೇಟೆಗೆ ಹೋಗುವುದು ಎರಡು ಸಲ ಕೊಟ್ಟ ಹಾಗೆ. ಅದನ್ನು ಸಹಿಸಿಕೊಳ್ಳಬೇಕಾಗಿಲ್ಲ. ಆ ಫೋನ್ ಬಂದಾಗ, ಬರುವುದಿಲ್ಲವೆಂಬುದನ್ನು ಮೆಸೇಜಿನಲ್ಲಿ ಹಾಕಿ ಎನ್ನಿ, ಮುಂದೆ ದೂರು ಕೊಡಲು ಅದೇ ಆಧಾರ. ಅಂಚೆ ಇಲಾಖೆಯಾದರೆ ಪೋಸ್ಟ್‌ಮ್ಯಾನ್ ಊರಿಗೇ ಬರುತ್ತಾರೆ. ನಾನೀಗ ಮಾರಾಟಗಾರರಿಗೆ ಅಂಚೆಯಲ್ಲೇ ಕಳಿಸಿ ಎನ್ನುತ್ತೇನೆ.

ಪುಸ್ತಕ ಕೊಳ್ಳುವವರಿಗಂತೂ ಇದು ಲಾಭ. ಕನ್ನಡ ಪುಸ್ತಕದ ಜಾಹೀರಾತುಗಳ ಕೆಳಗೆ “ಅಂಚೆವೆಚ್ಚ ಪ್ರತ್ಯೇಕ” ಎಂದಿರುತ್ತಿತ್ತು, ಎಷ್ಟೆಂದು ಪೋಸ್ಟ್‌ಮ್ಯಾನ್‌ಗೆ ದುಡ್ಡು ಕೊಟ್ಟು ವಿ.ಪಿ.ಪಿ. ಪಾರ್ಸೆಲ್ ಬಿಡಿಸಿಕೊಳ್ಳುವಾಗಲೇ ತಿಳಿಯುತ್ತಿತ್ತು. 2025ರ ಮೇ 1ರಂದು ಶುರುವಾದ ‘ಜ್ಞಾನ ಪೋಸ್ಟ್’ ಸೇವೆಯಲ್ಲಿ 300 ಗ್ರಾಂವರೆಗಿನ ಪುಸ್ತಕಕ್ಕೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ ಎಂದು ದರ ಗೊತ್ತುಮಾಡಿದ್ದಾರೆ, ತೆರಿಗೆ ಬೇರೆ. ತೆಳ್ಳನೆಯ ಒಂದು ಪುಸ್ತಕಕ್ಕೆ ಯಾರಾದರೂ 120 ಕೇಳಿದರೆ ಈ ಹೆಸರು ಹೇಳಿ ನೋಡಿ.

ಮಾರಾಟಗಾರ ಮಾತಿಗೆ ಬಗ್ಗದಿದ್ದರೆ, ಕೊಂಡದ್ದು ಶಾಪಿಂಗ್ ಆ್ಯಪ್‌ನಲ್ಲಾದರೆ ಮೊದಲು ಅದರ ದೂರು ಅಧಿಕಾರಿಗೆ ಬರೆಯಿರಿ. 48 ಗಂಟೆಯೊಳಗೆ ದೂರು ಸ್ವೀಕರಿಸಿದ್ದಕ್ಕೆ ಉತ್ತರ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕೆಂದು ನಿಯಮವಿದೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಗೂ ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ದೊಡ್ಡ ಉಪಕಾರವೆಂದರೆ, ಮಾರಾಟಗಾರ ಜೈಪುರದಲ್ಲಿದ್ದರೂ ದೂರನ್ನು ನೀವು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ನನ್ನಂಥವರು ದಾವಣಗೆರೆಯಲ್ಲೇ ಕೊಡಬಹುದು. ವಕೀಲರು ಕಡ್ಡಾಯವಲ್ಲ, 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಟ್ಟರಾಯಿತು. ದೂರಿನ ಜೊತೆ ಹರಾಜಿನ ಚಾಟ್, ದುಡ್ಡು ಕಟ್ಟಿದ ರಸೀದಿ, ಅಳತೆ ಟೇಪ್ ಪಕ್ಕಕ್ಕಿಟ್ಟು ತೆಗೆದ ಬಾಕ್ಸಿನ ಫೋಟೊ ಇಡಿ. ಆ ಫೋಟೊದಲ್ಲಿ ಚೀಟಿಯ ಅಂಕಿಗಳು ಓದುವಂತಿರಬೇಕು.