ಎಚ್ಚರಿಕೆಯ ಗಂಟೆಗೂ ಒಂದು ಪರೀಕ್ಷೆ

ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಂಥ ವಿದ್ಯಾರ್ಥಿಗಳ ಎದೆ ಹೊಡೆದುಕೊಳ್ಳುವುದು ಸಹಜ. ಆದರೆ ಪರೀಕ್ಷೆ ಮನುಷ್ಯರಿಗೆ ಮಾತ್ರ ಮೀಸಲಾದುದಲ್ಲ, ಯಂತ್ರಗಳಿಗೂ ಉಂಟು. ಮನೆ, ಅಂಗಡಿ, ಬ್ಯಾಂಕುಗಳ ಗೋಡೆಯ ಮೇಲೆ ಕುಳಿತು ಕಳ್ಳಕಾಕರ ಸುಳಿವು ಸಿಕ್ಕೊಡನೆ ಟೆಲಿಫೋನಿನ ಮೂಲಕ ದೂರದವರನ್ನು ಕೂಗಿ ಕರೆಯುವ ಅಲಾರಂ ಪೆಟ್ಟಿಗೆಯನ್ನು, ಅಣಕು ಟೆಲಿಫೋನ್ ತಂತಿಯೊಂದರ ಮೇಲೆ ಹೇಗೆ ಪರೀಕ್ಷಿಸುತ್ತಾರೆಂಬುದನ್ನು ಈ ಲೇಖನದಲ್ಲಿ ತಿಳಿಸಲು ಯತ್ನಿಸುತ್ತೇನೆ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನಿಗೆ ಈ ಉಸಾಬರಿ ಏಕೆಂದು ಗೆಳೆಯರು ನಗಬಹುದು. ಅದಕ್ಕೊಂದು ಕಾರಣವಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ತಂದೆಯವರು ನಮ್ಮೂರ ಪೇಟೆ ಬೀದಿಯಲ್ಲಿ ರಾತ್ರಿ ಕಾವಲುಗಾರರು. ಅಂಗಡಿಯವರೆಲ್ಲ ಸೇರಿ ಅವರನ್ನು ಇಟ್ಟುಕೊಂಡಿದ್ದಾರೆ. ಗಂಟೆಗೊಮ್ಮೆ ಬೀದಿಯ ತುದಿಯಲ್ಲಿ ನಿಂತು ಅವರು ಸೀಟಿ ಊದುತ್ತಾರೆ. ಆಚೆ ಬೀದಿಯ ಕಾವಲುಗಾರರು ತಿರುಗಿ ಸೀಟಿ ಊದುತ್ತಾರೆ. ಆ ಕಡೆಯಿಂದ ಉತ್ತರ ಬಾರದಿದ್ದರೆ ತಂದೆಯವರು ದೊಣ್ಣೆ ಹಿಡಿದು ಹೋಗಿ ನೋಡಿಯೇ ಬರಬೇಕು. ಚಿಕ್ಕಂದಿನಲ್ಲಿ ನಾನು ಇದನ್ನು ಆಟವೆಂದು ತಿಳಿದಿದ್ದೆ. “ಊದೋದು ದೊಡ್ಡದಲ್ಲ ಮಗ, ಆ ಕಡೆಯಿಂದ ಬಂತಾ ಅಂತ ಕಿವಿಗೊಡೋದು ದೊಡ್ಡದು” ಎಂದು ಅವರು ಹೇಳುತ್ತಿದ್ದರು.

ನಾನು ಮೊದಲನೆಯ ಬಿ.ಎ.ಯಲ್ಲಿದ್ದಾಗ ಆ ಬೀದಿಯ ಒಂದು ಕಚೇರಿಗೆ ಹಿಂಬದಿಯಿಂದ ಕನ್ನ ಬಿತ್ತು. ತಂದೆಯವರು ಆಗ ಬೀದಿಯ ಇನ್ನೊಂದು ತುದಿಯಲ್ಲಿ ಗಸ್ತು ತಿರುಗುತ್ತಿದ್ದರು. ಆ ಕಚೇರಿಯಲ್ಲಿ ಅಲಾರಂ ಪೆಟ್ಟಿಗೆ ಇತ್ತು. ತಿಂಗಳಿಗೊಮ್ಮೆ ಗುಂಡಿ ಒತ್ತಿ, ಗಂಟೆ ಬಾರಿಸುವುದನ್ನು ಕೇಳಿ, ಪುಸ್ತಕದಲ್ಲಿ “ಸರಿಯಿದೆ” ಎಂದು ರುಜು ಹಾಕುತ್ತಿದ್ದರು. ಅಂದು ಕಳ್ಳರು ಗಂಟೆಯ ತಂತಿಯನ್ನು ಮೊದಲೇ ಕತ್ತರಿಸಿದ್ದರು. “ಅಲಾರಂ ಇದ್ದೂ ಕಳವಾಯಿತೆಂದರೆ ಕಾವಲುಗಾರ ಮಲಗಿದ್ದನೆಂದೇ ಅರ್ಥ” ಎಂದು ಮಾತು ಹುಟ್ಟಿತು. ಎರಡು ತಿಂಗಳು ತಂದೆಯವರನ್ನು ಕೆಲಸದಿಂದ ನಿಲ್ಲಿಸಿದರು. ಕೊನೆಗೆ ಪೆಟ್ಟಿಗೆಯನ್ನು ಬಿಚ್ಚಿ ನೋಡಿದಾಗ ಸತ್ಯ ಹೊರಬಿತ್ತು. ಪೆಟ್ಟಿಗೆ ತನ್ನ ಕರ್ತವ್ಯವನ್ನು ಮಾಡಿತ್ತು, ಟೆಲಿಫೋನ್ ತಂತಿಯ ಮೇಲೆ ಕೂಗಲು ಹೊರಟಿತ್ತು. ಆದರೆ ಆ ತಂತಿಯ ಸಂಪರ್ಕವನ್ನು ಕಚೇರಿಯವರು ಬಹಳ ಹಿಂದೆಯೇ ಬಿಟ್ಟುಕೊಟ್ಟಿದ್ದರು. ಸತ್ತ ತಂತಿಯ ಮೇಲೆ ಕೂಗಿದರೆ ಕೇಳುವವರು ಯಾರು?

ಮರುವರ್ಷದ ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋಗಿ ನಮ್ಮ ಸೋದರಮಾವನ ಮನೆಯಲ್ಲಿದ್ದೆ. ಅಮೆರಿಕಕ್ಕೆ ಕಳುಹಿಸುವ ಅಲಾರಂ ಪೆಟ್ಟಿಗೆಗಳನ್ನು ಪರೀಕ್ಷಿಸುವ ಒಂದು ಕಾರ್ಯಾಗಾರದಲ್ಲಿ ಅವರಿಗೆ ಕೆಲಸ. ಒಂದು ದಿನ ಅಲ್ಲಿಗೆ ಕರೆದೊಯ್ದರು. ಮೇಜಿನ ಮೇಲೆ ಮುಚ್ಚಳ ತೆಗೆದ ಅಲಾರಂ ಪೆಟ್ಟಿಗೆ, ಅದರ ಪಕ್ಕದಲ್ಲಿ ಎರಡು ಚಿಕ್ಕ ಡಬ್ಬಿಗಳು. “ಟೆಲಿಫೋನ್ ಲೈನು ಎಲ್ಲಿ ಮಾವ?” ಎಂದೆ. “ಲೈನು ಇಲ್ಲ ಕಣೋ. ಈ ಡಬ್ಬೀನೇ ಅಮೆರಿಕದ ಟೆಲಿಫೋನ್ ಎಕ್ಸ್‌ಚೇಂಜು. ಆ ಡಬ್ಬಿ ಅಲ್ಲಿಯ ಅಲಾರಂ ಕೇಂದ್ರ” ಎಂದರು. ನಮ್ಮ ಮನೆಯ ಸಂಕಟಕ್ಕೆ ಕಾರಣವಾದ ತಪ್ಪನ್ನು ಮೇಜಿನ ಮೇಲೆಯೇ ಹಿಡಿಯಬಲ್ಲ ಸಾಧನ ನನ್ನ ಕಣ್ಣೆದುರಿಗೆ ಇತ್ತು. ಅಂದಿನಿಂದ ಕೇಳಿ, ಓದಿ ತಿಳಿದುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ವಿದ್ಯುತ್ತಿನಿಂದ ಕಳ್ಳನನ್ನು ಸಾರಿ ಹೇಳುವ ಗಂಟೆ ಹೊಸದೇನಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಅಗಸ್ಟಸ್ ಪೋಪ್ ಎಂಬುವರು 1853ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಬಾಗಿಲೋ ಕಿಟಕಿಯೋ ತೆರೆದರೆ ವಿದ್ಯುನ್ಮಂಡಲ ಕೂಡಿಕೊಂಡು ಗಂಟೆ ಬಾರಿಸುತ್ತಿತ್ತು. ಎಡ್ವಿನ್ ಹೋಮ್ಸ್ ಎಂಬುವರು 1857ರಲ್ಲಿ ಅದರ ಹಕ್ಕನ್ನು ಕೊಂಡು ವ್ಯಾಪಾರಕ್ಕೆ ತಂದರು. ಬರಿಯ ಗಂಟೆಯಾದರೆ ನೆರೆಹೊರೆಯವರಿಗೆ ಮಾತ್ರ ಕೇಳುತ್ತದೆ. ಅವರು ಊರಲ್ಲಿಲ್ಲದಿದ್ದರೆ ಅದೂ ಇಲ್ಲ. ಆದುದರಿಂದ ಹಗಲಿರುಳೂ ಜನ ಕುಳಿತಿರುವ ಒಂದು ಕೇಂದ್ರಕ್ಕೆ ಸುದ್ದಿ ಮುಟ್ಟಿಸುವ ಪದ್ಧತಿ ಬೆಳೆಯಿತು. ಮುಂದೆ ಪೆಟ್ಟಿಗೆಯೇ ಟೆಲಿಫೋನ್ ಸಂಖ್ಯೆಯನ್ನು ಒತ್ತಿ ಕೇಂದ್ರದೊಡನೆ ಮಾತನಾಡಲು ಕಲಿಯಿತು. ಕೇಂದ್ರದಲ್ಲಿ ಆ ಕರೆಯನ್ನು ಎತ್ತಿಕೊಳ್ಳುವ ಯಂತ್ರಕ್ಕೆ ರಿಸೀವರ್ ಎನ್ನುತ್ತಾರೆ. ನಾವು ಕಿವಿಗೆ ಹಿಡಿಯುವ ಟೆಲಿಫೋನ್ ರಿಸೀವರ್ ಬೇರೆ, ಇದು ಬೇರೆ.

ಇನ್ನು ಅಣಕು ತಂತಿಯ ವಿಚಾರ. ಟೆಲಿಫೋನಿನ ಜೋಡಿ ತಂತಿ ಬರಿಯ ತಾಮ್ರವಲ್ಲ. ಎಕ್ಸ್‌ಚೇಂಜಿನ ಬ್ಯಾಟರಿ ಅದರ ಮೇಲೆ ಸುಮಾರು 48 ವೋಲ್ಟಿನ ಒತ್ತಡವನ್ನು ಸದಾ ಇಟ್ಟಿರುತ್ತದೆ. ಟೆಲಿಫೋನನ್ನು ಎತ್ತಿಕೊಂಡಾಗ ವಿದ್ಯುತ್ತು ಹರಿದು ಆ ಒತ್ತಡ ಹತ್ತು ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ. ಅದರಿಂದಲೇ ಯಾರೋ ಎತ್ತಿಕೊಂಡರೆಂದು ಎಕ್ಸ್‌ಚೇಂಜಿಗೆ ಗೊತ್ತಾಗಿ, ಡಯಲ್ ಟೋನ್ ಎಂಬ ಗುಂಯ್‌ಗುಡುವ ಸ್ವರ ಬರುತ್ತದೆ. ಅಮೆರಿಕದಲ್ಲಿ ಇದು 350 ಮತ್ತು 440 ಹರ್ಟ್ಸ್‌ಗಳ ಎರಡು ಸ್ವರಗಳ ಕೂಟ. ನಮ್ಮ ದೇಶದಲ್ಲಿ 400 ಹರ್ಟ್ಸ್ ಸುತ್ತಿನ ಸ್ವರ. ಅಲ್ಲಿಗೆ ಹೋಗಬೇಕಾದ ಪೆಟ್ಟಿಗೆಯನ್ನು ಇಲ್ಲಿಯ ತಂತಿಗೆ ಸಿಕ್ಕಿಸಿ ಪರೀಕ್ಷಿಸಿದರೆ ಪ್ರಯೋಜನ ಸ್ವಲ್ಪವೇ ಎಂಬುದು ಇದರಿಂದ ಸ್ಪಷ್ಟ. ಅಣಕು ತಂತಿಯ ಡಬ್ಬಿ ಮೇಜಿನ ಮೇಲೆ ಕುಳಿತೇ 48 ವೋಲ್ಟನ್ನು ಕೊಡುತ್ತದೆ, ಅಮೆರಿಕದ ಡಯಲ್ ಟೋನನ್ನು ನುಡಿಸುತ್ತದೆ, ಪೆಟ್ಟಿಗೆ ಒತ್ತಿದ ಅಂಕಿಗಳನ್ನು ಗುರುತಿಸುತ್ತದೆ, ಮತ್ತೊಂದು ತುದಿಗೆ ಸುಮಾರು 90 ವೋಲ್ಟಿನ, 20 ಹರ್ಟ್ಸ್‌ನ ರಿಂಗನ್ನು ಕಳುಹಿಸುತ್ತದೆ. ಪೆಟ್ಟಿಗೆಯ ಮಟ್ಟಿಗೆ ಅದು ನಿಜವಾದ ಊರು, ನಿಜವಾದ ಎಕ್ಸ್‌ಚೇಂಜು.

ಮತ್ತೊಂದು ತುದಿಯಲ್ಲಿರುವುದು ಅಣಕು ರಿಸೀವರ್. ರಿಂಗ್ ಬಂದೊಡನೆ ಅದು ಎತ್ತಿಕೊಂಡು ಹಸ್ತಲಾಘವ ಮಾಡುತ್ತದೆ! ಇಂಗ್ಲಿಷಿನಲ್ಲಿಯೂ ಇದಕ್ಕೆ ಹ್ಯಾಂಡ್‌ಶೇಕ್ ಎಂದೇ ಹೆಸರು. ಬಹುವಾಗಿ ಬಳಕೆಯಲ್ಲಿರುವ ಕಾಂಟ್ಯಾಕ್ಟ್ ಐಡಿ ಎಂಬ ಪದ್ಧತಿಯಲ್ಲಿ 1400 ಹರ್ಟ್ಸ್‌ನ ಸ್ವರ ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲು, ಅಷ್ಟೇ ಹೊತ್ತು ಮೌನ, ಬಳಿಕ 2300 ಹರ್ಟ್ಸ್‌ನ ಸ್ವರ ಅಷ್ಟೇ ಹೊತ್ತು. “ನಾನು ಸಿದ್ಧ, ಹೇಳು” ಎಂಬುದು ಇದರ ಅರ್ಥ. ಆಗ ಪೆಟ್ಟಿಗೆ, ಗುಂಡಿ ಒತ್ತುವ ಟೆಲಿಫೋನಿನ ಸ್ವರಗಳಲ್ಲಿಯೇ ಹದಿನಾರು ಅಂಕಿಗಳನ್ನು ಎರಡು ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಒದರಿಬಿಡುತ್ತದೆ.

ಉದಾಹರಣೆಗೆ ಈ ಸಾಲನ್ನು ನೋಡಿ: 2468 18 1 130 01 007 8. ಮೊದಲ ನಾಲ್ಕು ಅಂಕಿ ಗಿರಾಕಿಯ ಸಂಖ್ಯೆ. 18 ಎಂಬುದು ಸಂದೇಶದ ಜಾತಿ. 1 ಎಂದರೆ ಹೊಸ ಘಟನೆ. ಅದೇ 3 ಆಗಿದ್ದರೆ ಎಲ್ಲವೂ ಮೊದಲಿನ ಸ್ಥಿತಿಗೆ ಬಂದಿದೆ ಎಂದು. 130 ಎಂದರೆ ಕಳ್ಳತನ. 110 ಆಗಿದ್ದರೆ ಬೆಂಕಿ, 302 ಆಗಿದ್ದರೆ ಬ್ಯಾಟರಿ ಸೋತಿದೆ. 01 ಕಟ್ಟಡದ ಭಾಗ, 007 ಬಾಗಿಲೋ ಕಿಟಕಿಯೋ ಇರುವ ಏಳನೆಯ ವಲಯ. ಕೊನೆಯ 8 ತಾಳೆ ನೋಡುವ ಅಂಕಿ. ಸೊನ್ನೆಯನ್ನು ಹತ್ತೆಂದು ಎಣಿಸಿ ಮೊದಲ ಹದಿನೈದು ಅಂಕಿಗಳನ್ನು ಕೂಡಿದರೆ 82. ಅದಕ್ಕೆ 8 ಸೇರಿಸಿದರೆ 90. ಅದು 15ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ತಂತಿಯ ಗದ್ದಲದಲ್ಲಿ 7 ಎಂಬುದು 9 ಎಂದು ಕೇಳಿಸಿದ್ದರೆ ಮೊತ್ತ 92 ಆಗಿ ಲೆಕ್ಕ ತಪ್ಪುತ್ತಿತ್ತು, ರಿಸೀವರ್ ಸುಮ್ಮನಿರುತ್ತಿತ್ತು. ಲೆಕ್ಕ ಸರಿಹೋದರೆ ಮಾತ್ರ ಅದು 1400 ಹರ್ಟ್ಸ್‌ನ ಉದ್ದ ಸ್ವರವೊಂದನ್ನು ನುಡಿಸುತ್ತದೆ. ಇದಕ್ಕೆ ಕಿಸ್-ಆಫ್ ಎಂದು ಹೆಸರು, ಬೀಳ್ಕೊಡುವ ಸ್ವರವೆನ್ನೋಣ. ಅದು ಕೇಳಿಸುವವರೆಗೂ ಪೆಟ್ಟಿಗೆ ತನ್ನ ಸುದ್ದಿ ಮುಟ್ಟಿತೆಂದು ನಂಬುವುದಿಲ್ಲ, ಮತ್ತೆ ಹೇಳುತ್ತದೆ. ತಂದೆಯವರ ಸೀಟಿಯೂ ಆಚೆ ಬೀದಿಯ ಸೀಟಿಯೂ ನನಗೆ ನೆನಪಾದುದು ಇಲ್ಲಿ.

ನಿಜವಾದ ತಂತಿ, ನಿಜವಾದ ಕೇಂದ್ರ ಇರುವಾಗ ಈ ಅಣಕು ಏತಕ್ಕೆ ಎಂದು ಕೇಳಬಹುದು. ಮೊದಲನೆಯದಾಗಿ, ದಿನಕ್ಕೆ ನೂರು ಸಲ “ಕಳ್ಳ ಬಂದ” ಎಂದು ನಿಜವಾದ ಕೇಂದ್ರವನ್ನು ಕೂಗಿದರೆ “ತೋಳ ಬಂತು ತೋಳ” ಎಂದ ಹುಡುಗನ ಪಾಡಾಗುತ್ತದೆ. ಪೊಲೀಸರು ಸುಮ್ಮನೆ ಓಡಾಡಬೇಕಾಗುತ್ತದೆ. ಎರಡನೆಯದು ಇನ್ನೂ ಮುಖ್ಯ. ನಿಜವಾದ ಎಕ್ಸ್‌ಚೇಂಜಿಗೆ ನಾವು “ಈಗ ಕೆಡು” ಎಂದು ಅಪ್ಪಣೆ ಮಾಡಲಾರೆವು. ಅಣಕು ಡಬ್ಬಿಗೆ ಮಾಡಬಹುದು. ಪರೀಕ್ಷೆಯ ಸತ್ವವೆಲ್ಲ ಇರುವುದು ಇಲ್ಲಿಯೇ.

ಮಾವ ಒಂದೊಂದಾಗಿ ಮಾಡಿ ತೋರಿಸಿದರು. ಮೊದಲು ಎಲ್ಲವೂ ಸರಿಯಿರುವಾಗ ಏಳನೆಯ ವಲಯವನ್ನು ತೆರೆದು, ಬಂದ ಸಂದೇಶವನ್ನು ಅಂಕಿ ಅಂಕಿಯಾಗಿ ಓದಿದರು. ಆಮೇಲೆ ಡಯಲ್ ಟೋನನ್ನು ನಿಲ್ಲಿಸಿದರು. ಬಳಿಕ ಮೊದಲನೆಯ ಸಂಖ್ಯೆಗೆ “ಎಂಗೇಜ್” ಸ್ವರ ಕೊಟ್ಟು, ಪೆಟ್ಟಿಗೆ ತನ್ನಲ್ಲಿರುವ ಎರಡನೆಯ ಸಂಖ್ಯೆಗೆ ತಿರುಗುವುದೋ ಎಂದು ಕಾದರು. ಹಸ್ತಲಾಘವವನ್ನು ತಡೆಹಿಡಿದರು. ಎಲ್ಲ ಸಂದೇಶವನ್ನೂ ಕೇಳಿಸಿಕೊಂಡು ಬೀಳ್ಕೊಡುವ ಸ್ವರವನ್ನು ಮಾತ್ರ ಕೊಡದೆ ಬಿಟ್ಟರು. ಪೆಟ್ಟಿಗೆ ಪಟ್ಟುಬಿಡದೆ ಮತ್ತೆ ಕಳುಹಿಸಿತು. ಹೀಗೆ ಎಷ್ಟು ಸಲ ಯತ್ನಿಸಬೇಕೆಂಬುದಕ್ಕೂ ನಿಯಮವುಂಟು. ಅಮೆರಿಕದ ಬೆಂಕಿ ಎಚ್ಚರಿಕೆಯ ನಿಯಮಸಂಹಿತೆಯಾದ ಎನ್.ಎಫ್.ಪಿ.ಎ. 72 ಇದನ್ನು ಕನಿಷ್ಠ 5, ಗರಿಷ್ಠ 10 ಎಂದು ಗೊತ್ತುಮಾಡಿದೆ. ಕೊನೆಯಲ್ಲಿ ಮಾವ ತಂತಿಯನ್ನೇ ಕಿತ್ತುಬಿಟ್ಟರು. 48 ವೋಲ್ಟು ಮಾಯವಾದುದನ್ನು ಪೆಟ್ಟಿಗೆ ಕಂಡುಕೊಂಡು, ಸ್ವಲ್ಪ ಹೊತ್ತಿನಲ್ಲಿಯೇ ಹಳದಿ ದೀಪ ಹೊತ್ತಿಸಿ ಕೀಚುಗುಟ್ಟಲು ತೊಡಗಿತು. ನಾನು ಆ ದೀಪವನ್ನು ಬಹಳ ಹೊತ್ತು ನೋಡಿದೆ. ನಮ್ಮೂರ ಆ ಕಚೇರಿಯ ಪೆಟ್ಟಿಗೆಗೆ ಇಂಥದೊಂದು ಪರೀಕ್ಷೆಯನ್ನು ಒಮ್ಮೆ ಮಾಡಿದ್ದರೂ ಸಾಕಾಗಿತ್ತು!

ಆದರೆ ಮೇಜಿನ ಮೇಲೆ ತೇರ್ಗಡೆಯಾದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದು ತಿಳಿಯಲಾಗದು. ತಾಳೆ ಅಂಕಿಗೂ ಒಂದು ಕುರುಡು ಉಂಟು. ಕೂಡುವಾಗ ಅಂಕಿಗಳ ಸ್ಥಾನ ಲೆಕ್ಕಕ್ಕೆ ಬಾರದು. ಪೆಟ್ಟಿಗೆ ಹಾಕುವವನು 2468ರ ಬದಲು 2486 ಎಂದು ಬರೆದಿಟ್ಟರೂ ಮೊತ್ತ ಅದೇ. ಬೀಳ್ಕೊಡುವ ಸ್ವರವೂ ಬರುತ್ತದೆ, ಪೊಲೀಸರೂ ಹೊರಡುತ್ತಾರೆ, ಆದರೆ ಬೇರೆ ಯಾರದೋ ಮನೆಗೆ! ಆದುದರಿಂದ ಸ್ವರ ಕೇಳಿಸಿದರೆ ಸಾಲದು, ಸಂದೇಶವನ್ನು ಓದಿ ನೋಡಬೇಕು. ಹಾಗೆಯೇ ಮೇಜಿನ ಮೇಲಿನ ತಂತಿ ಬೇರೆ, ಕಟ್ಟಡದ ತಂತಿ ಬೇರೆ. ಪೆಟ್ಟಿಗೆಯನ್ನು ಗೋಡೆಗೆ ಹಾಕಿದ ಮೇಲೆ, ಕೇಂದ್ರದವರಿಗೆ ಮೊದಲೇ ತಿಳಿಸಿ, ನಿಜವಾದ ತಂತಿಯ ಮೇಲೆ ಇನ್ನೊಮ್ಮೆ ಪರೀಕ್ಷಿಸಲೇಬೇಕು. ಆಮೇಲೂ ಪೆಟ್ಟಿಗೆ ತಾನಾಗಿಯೇ ಆಗಾಗ “ಬದುಕಿದ್ದೇನೆ” ಎಂಬ ಸಂದೇಶ ಕಳುಹಿಸುತ್ತಿರಬೇಕು; ಕಾಂಟ್ಯಾಕ್ಟ್ ಐಡಿಯಲ್ಲಿ ಅದರ ಸಂಖ್ಯೆ 602. ಬೆಂಕಿ ಎಚ್ಚರಿಕೆಯ ಇಂಥ ಪೆಟ್ಟಿಗೆಗಳಿಗೆ ಮೇಲೆ ಹೇಳಿದ ಸಂಹಿತೆ 24 ಗಂಟೆಗೊಮ್ಮೆ ಎಂದಿದ್ದ ಅವಧಿಯನ್ನು 2013ರ ಆವೃತ್ತಿಯಲ್ಲಿ 6 ಗಂಟೆಗೆ ಇಳಿಸಿತು.

ತಾಮ್ರದ ತಂತಿಯ ಕಾಲವೇ ಮುಗಿಯುತ್ತಿದೆ, ಇನ್ನೇಕೆ ಈ ಮಾತು ಎಂದು ಕೆಲವರು ಆಕ್ಷೇಪಿಸಬಹುದು. ನಿಜ. ಬ್ರಿಟನ್ನಿನಲ್ಲಿ ಹಳೆಯ ಟೆಲಿಫೋನ್ ಜಾಲವನ್ನು 2027ರ ಜನವರಿ ವೇಳೆಗೆ ಮುಚ್ಚುವುದೆಂದು 2024ರಲ್ಲಿ ಗೊತ್ತುಮಾಡಿದರು. ಟೆಲಿಫೋನಿನ ಮಾತು ಇಂಟರ್ನೆಟ್ಟಿನ ಮೂಲಕ ಹೋಗುವಲ್ಲಿ, ಮನುಷ್ಯನ ದನಿಗೆಂದು ಮಾಡಿದ ಸಂಕೋಚನ ಕ್ರಮಗಳು ಈ ಸೂಕ್ಷ್ಮ ಸ್ವರಗಳನ್ನು ಕೆಡಿಸುವುದುಂಟು. ಮನುಷ್ಯರ ಸಂಭಾಷಣೆಗೆ ತೊಂದರೆಯಿಲ್ಲ, ಪೆಟ್ಟಿಗೆಯ ಸಂಭಾಷಣೆ ಮಾತ್ರ ಅಸ್ಪಷ್ಟ. ಮಾಲೀಕನು ಟೆಲಿಫೋನ್ ಬದಲಾಯಿಸಿದ ದಿನವೇ ಅಲಾರಂ ಮೂಕವಾಗಬಹುದು, ಅವನಿಗೆ ಅದರ ಅರಿವೂ ಇರಲಾರದು. ಹೊಸ ಪೆಟ್ಟಿಗೆಗಳು ಮೊಬೈಲ್ ಜಾಲದ ಮೇಲೋ ಇಂಟರ್ನೆಟ್ಟಿನ ಮೇಲೋ ಸುದ್ದಿ ಕಳುಹಿಸುತ್ತವೆ. ಅವುಗಳಲ್ಲಿಯೂ ಅನೇಕವು ಇದೇ ಕಾಂಟ್ಯಾಕ್ಟ್ ಐಡಿಯ ಅಂಕಿಗಳನ್ನೇ ಹೊತ್ತೊಯ್ಯುತ್ತವೆ, ಅಣಕು ರಿಸೀವರ್ ಕಂಪ್ಯೂಟರಿನೊಳಗೆ ಕುಳಿತಿರುತ್ತದೆ. ತಂತಿ ಹೋಗಿ ಸಿಮ್ ಕಾರ್ಡ್ ಬಂದರೂ, ಆ ಸಿಮ್ಮಿಗೆ ಹಣ ಕಟ್ಟಿದ್ದಾರೆಯೇ, ಕರೆ ಮುಟ್ಟುವ ಸಂಖ್ಯೆ ವರ್ಗವಾಗಿ ಹೋದ ಅಧಿಕಾರಿಯದೇ ಎಂದು ಯಾರಾದರೂ ನೋಡಬೇಕಷ್ಟೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ಬಾಗಿಲು ಹಾಕಿದೆಯೆಂದು ನಂಬಿ ನೋಡದೆ ಇರುವುದೂ ಅದಕ್ಕಿಂತ ಮೇಲಲ್ಲ. ಓದುಗ ಮಿತ್ರರಲ್ಲಿಯೂ ಗುರುಗಳಲ್ಲಿಯೂ ನನ್ನದೊಂದು ವಿಜ್ಞಾಪನೆ. ತಮ್ಮ ಮನೆಯಲ್ಲಾಗಲಿ, ತಮಗೆ ತಿಳಿದವರ ಅಂಗಡಿಯಲ್ಲಾಗಲಿ ಇಂಥ ಪೆಟ್ಟಿಗೆ ಇದ್ದರೆ, ಗಂಟೆ ಬಾರಿಸಿತೆಂದು ತೃಪ್ತರಾಗಬೇಡಿ. ಸಂಬಂಧಪಟ್ಟವರಿಗೆ ಮುಂಚೆಯೇ ತಿಳಿಸಿ, ಅದನ್ನು ಒಮ್ಮೆ ಕೂಗಿಸಿ, ಆ ಕೂಗು ಯಾರಿಗೆ ಮುಟ್ಟಿತು, ಅವರು ಏನೆಂದು ಕೇಳಿದರು ಎಂಬುದನ್ನು ವಿಚಾರಿಸಿ.

ನಮ್ಮ ತಂದೆಯವರು ಮತ್ತೆ ಅದೇ ಬೀದಿಯಲ್ಲಿದ್ದಾರೆ. ನಿಂತುಹೋದ ಎರಡು ತಿಂಗಳ ಸಂಬಳ ಬರಲಿಲ್ಲ, “ಮಲಗಿದ್ದ” ಎಂದವರು ಆ ಮಾತನ್ನು ಹಿಂತೆಗೆದುಕೊಳ್ಳಲೂ ಇಲ್ಲ. ಅವರಿಗೆ ಓದು ಬರುವುದಿಲ್ಲ. ಈ ಸಂಚಿಕೆ ಕೈಗೆ ಬಂದ ದಿನ ಈ ಲೇಖನವನ್ನು ಅವರಿಗೆ ಓದಿ ಹೇಳಬೇಕೆಂದಿದ್ದೇನೆ.