ರಾಸಾಯನಿಕ ಅಪಾಯ ನಿರ್ವಹಣೆ: ಸಂಶೋಧಕರ ತರಬೇತಿಗೆ ಹಣ ಎಲ್ಲಿಂದ?

ಮೈಸೂರಿನ ಕೃಷ್ಣಮೂರ್ತಿಪುರಂನ ಮನೆಯೊಂದಕ್ಕೆ ಬರುವ ತರಕಾರಿಯಲ್ಲಿ ಕೀಟನಾಶಕದ ಶೇಷವಿದೆಯೇ ಎಂಬುದು ಕಣ್ಣಿಗೆ ಕಾಣದು. ಅದನ್ನು ಅಳೆಯಲು ಉಪಕರಣ ಬೇಕು. ಅಳತೆಯ ಅರ್ಥ ತಿಳಿಸಲು ವರ್ಷಗಟ್ಟಲೆ ತರಬೇತಿ ಪಡೆದ ಸಂಶೋಧಕರು ಬೇಕು. ಇಂತಹ ಸಂಶೋಧನೆಯ ನೆಲೆಯಾದ ಸಿಎಫ್‌ಟಿಆರ್‌ಐ 1950ರಿಂದ ಇದೇ ನಗರದಲ್ಲಿದೆ.

ಒಬ್ಬ ಪಿಎಚ್‌.ಡಿ. ವಿದ್ಯಾರ್ಥಿಗೆ ತಗಲುವ ವೆಚ್ಚವೆಷ್ಟು? 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ ಕಿರಿಯ ಸಂಶೋಧನಾ ಫೆಲೋಶಿಪ್ ಮಾಸಿಕ 37,000 ರೂ., ಹಿರಿಯ ಫೆಲೋಶಿಪ್ 42,000 ರೂ. ಮೊದಲ 2 ವರ್ಷಗಳಿಗೆ 8.88 ಲಕ್ಷ, ನಂತರದ 3 ವರ್ಷಗಳಿಗೆ 15.12 ಲಕ್ಷ, ಒಟ್ಟು 24 ಲಕ್ಷ ರೂ. ಮನೆ ಬಾಡಿಗೆ ಭತ್ಯೆ ಹಾಗೂ ಪ್ರಯೋಗಾಲಯದ ಖರ್ಚು ಪ್ರತ್ಯೇಕ.

ಈ ಮೊತ್ತ ದೊಡ್ಡದೆನಿಸಿದರೆ ಖಾತೆಯ ಇನ್ನೊಂದು ಬದಿಯನ್ನೂ ನೋಡಬೇಕು. ಕಾಸರಗೋಡಿನ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಅದನ್ನು ನಿಷೇಧಿಸಿತು; 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂ. ನೀಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ಐವರು ಸಂತ್ರಸ್ತರ ಪರಿಹಾರಧನಕ್ಕಿಂತ ಒಬ್ಬ ಸಂಶೋಧಕರ ಫೆಲೋಶಿಪ್ ಕಡಿಮೆ. ಕಳೆದುಹೋದ ಆರೋಗ್ಯವಂತೂ ಯಾವ ಲೆಕ್ಕಪತ್ರಕ್ಕೂ ಸೇರದ ನಷ್ಟ.

ಹಣದ ಮಾರ್ಗ ಕಾನೂನಿನಲ್ಲಿಯೇ ಇದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ವ್ಯಾಪ್ತಿಗೆ ಬರುವ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು. 7ನೇ ಅನುಸೂಚಿಯಂತೆ, ಸುಸ್ಥಿರ ಅಭಿವೃದ್ಧಿಯ ಗುರಿಗಳಿಗಾಗಿ ಸಂಶೋಧನೆ ನಡೆಸುವ ಸಾರ್ವಜನಿಕ ವಿಶ್ವವಿದ್ಯಾನಿಲಯಗಳಿಗೂ ಸಿಎಸ್‌ಐಆರ್‌ಗೂ ನೀಡುವ ವಂತಿಗೆ ಇದಕ್ಕೆ ಅರ್ಹ. ಸರಾಸರಿ 12 ಕೋಟಿ ರೂ. ಲಾಭವಿರುವ ಕಂಪನಿಯ ಒಂದು ವರ್ಷದ ಹೊಣೆಯೇ 24 ಲಕ್ಷ ರೂ. ಹೆಬ್ಬಾಳ, ನಂಜನಗೂಡುಗಳ ಉದ್ಯಮಿಗಳು ಮುಂದಿನ ಆಯವ್ಯಯ ಸಿದ್ಧಪಡಿಸುವಾಗ ಈ ಲೆಕ್ಕವನ್ನು ಪರಿಶೀಲಿಸುವುದು ಉಚಿತ.