ಇರುವ ಬಟ್ಟೆಯಲ್ಲೇ ಒಪ್ಪವಾಗಿರುವುದು ಹೇಗೆ?

ಜುಲೈ ತಿಂಗಳ ಜುಮುಅಕ್ಕೆ ಕೊಡಗಿನ ಮಸೀದಿಯೊಳಗೆ ಕಾಲಿಟ್ಟವರಿಗೆಲ್ಲ ಒಂದು ವಾಸನೆಯ ಪರಿಚಯವಿದೆ. ಅದು ಅರ್ಧ ಒಣಗಿದ ಅಂಗಿಯ ಮುಗ್ಗಲು ವಾಸನೆ. ತೋಟದಿಂದ ನೇರವಾಗಿ ಬಂದವರು, ಆಟೋ ನಿಲ್ಲಿಸಿ ಬಂದವರು, ಅಂಗಡಿಯ ಬಾಗಿಲು ಅರ್ಧ ಎಳೆದು ಬಂದವರು ಎಲ್ಲರೂ ಒಂದೇ ಸಫ್‌ನಲ್ಲಿ ನಿಲ್ಲುತ್ತೇವೆ. ಆದರೆ ಕೆಲವರು ಹಿಂದಿನ ಸಾಲಿನ ಮೂಲೆ ಹುಡುಕುತ್ತಾರೆ. ಹದಿಹರೆಯದ ಹುಡುಗರಲ್ಲಿ ಕೆಲವರು "ಹಾಕಲು ಸರಿಯಾದ ಬಟ್ಟೆ ಇಲ್ಲ" ಎಂದು ಬರುವುದನ್ನೇ ತಪ್ಪಿಸುತ್ತಾರೆ. ಇನ್ನೊಂದೆಡೆ ಈದ್ ಅಥವಾ ಮದುವೆ ಹತ್ತಿರ ಬಂದರೆ ಸಾಲ ಮಾಡಿಯಾದರೂ ಹೊಸ ಬಟ್ಟೆ ತರಲೇಬೇಕೆಂಬ ಒತ್ತಡ ನಮ್ಮ ಮನೆಗಳ ಮೇಲೆ ಬೀಳುತ್ತದೆ.

ವರ್ಷವಿಡೀ ಸಂಕೋಚ, ಹಬ್ಬಕ್ಕೆ ಸಾಲ. ಈ ಎರಡಕ್ಕೂ ಮೂಲ ಒಂದೇ ತಪ್ಪು ತಿಳುವಳಿಕೆ: ಒಪ್ಪವಾಗಿ ಕಾಣಲು ಹೆಚ್ಚು ಬಟ್ಟೆ ಬೇಕು, ಹೊಸ ಬಟ್ಟೆ ಬೇಕು ಎಂಬುದು. ನಿಜವಾಗಿ ಬೇಕಾಗಿರುವುದು ಇರುವ ಬಟ್ಟೆಯ ಆರೈಕೆ ಮತ್ತು ಮೈಯ ಶುಚಿತ್ವ. ಇದನ್ನು ನಮ್ಮ ಊರಿನ ಮಳೆ, ನಮ್ಮ ಜೇಬಿನ ಲೆಕ್ಕ ಇಟ್ಟುಕೊಂಡೇ ಈ ಲೇಖನದಲ್ಲಿ ನೋಡೋಣ.

ಕೆಲಸದ ಬಟ್ಟೆ ಬೇರೆ, ಜುಮುಅದ ಬಟ್ಟೆ ಬೇರೆ

ಪ್ರವಾದಿ(ಸ)ರ ಕಾಲದಲ್ಲಿಯೂ ಜನ ದುಡಿಮೆಯಿಂದ ನೇರವಾಗಿ, ಧೂಳು ಬೆವರಿನ ಮೈಯಲ್ಲೇ ಜುಮುಅಕ್ಕೆ ಬರುತ್ತಿದ್ದರು. ಈ ದಿನಕ್ಕಾದರೂ ಸ್ನಾನ ಮಾಡಿ ಬಂದರೆ ಎಷ್ಟು ಚೆನ್ನ ಎಂದು ಅವರು ತಿಳಿಸಿದ್ದನ್ನು ಆಯಿಶಾ(ರ) ವರದಿ ಮಾಡಿದ್ದಾರೆ (ಬುಖಾರಿ). ಸಾಧ್ಯವಿದ್ದವರು ದುಡಿಮೆಯ ಬಟ್ಟೆಯಲ್ಲದೆ ಜುಮುಅಕ್ಕೆಂದೇ ಒಂದು ಜೊತೆ ಬಟ್ಟೆ ಇಟ್ಟುಕೊಳ್ಳಲು ಪ್ರೇರೇಪಿಸಿದ ವರದಿ ಅಬೂದಾವೂದ್ ಮತ್ತು ಇಬ್ನು ಮಾಜದಲ್ಲಿದೆ. ಕೆದರಿದ ಕೂದಲಿನ ಒಬ್ಬರನ್ನು ಕಂಡು ಕೂದಲು ಸರಿಪಡಿಸಲು ಇವರಿಗೆ ಏನೂ ಸಿಗಲಿಲ್ಲವೇ ಎಂದೂ, ಕೊಳೆಬಟ್ಟೆಯ ಇನ್ನೊಬ್ಬರನ್ನು ಕಂಡು ಬಟ್ಟೆ ಒಗೆಯಲು ಇವರಿಗೆ ನೀರು ಸಿಗಲಿಲ್ಲವೇ ಎಂದೂ ಅವರು ಕೇಳಿದ್ದನ್ನು ಜಾಬಿರ್(ರ) ಹೇಳುತ್ತಾರೆ (ಅಬೂದಾವೂದ್).

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಅವರು ಕೇಳಿದ್ದು ಬಾಚಣಿಗೆ ಮತ್ತು ನೀರಿನ ಬಗ್ಗೆ. ಬೆಲೆಬಾಳುವ ಬಟ್ಟೆಯ ಬಗ್ಗೆ ಅಲ್ಲ. ಒಂದು ಜೊತೆಯನ್ನು ಬೇರೆಯಾಗಿ ಎತ್ತಿಡುವ ಕ್ರಮ ಖರ್ಚಿನ ದೃಷ್ಟಿಯಿಂದಲೂ ಜಾಣತನದ್ದು. ವಾರಕ್ಕೊಮ್ಮೆ ಕೆಲವು ಗಂಟೆ ಮಾತ್ರ ತೊಡುವ ಅಂಗಿ ವರ್ಷಗಟ್ಟಲೆ ಬಾಳುತ್ತದೆ. ಅದೇ ಅಂಗಿಯನ್ನು ಕಾಫಿ ಕೊಯ್ಲಿಗೂ ತೊಟ್ಟರೆ ಒಂದೇ ಹಂಗಾಮಿನಲ್ಲಿ ಕಲೆ ಹಿಡಿದು ಮುಗಿಯುತ್ತದೆ.

ನಮ್ಮ ಶತ್ರು ಮಳೆ

ಬಟ್ಟೆಯ ವಿಷಯದಲ್ಲಿ ಕೊಡಗು ಬೇರೆ ಜಿಲ್ಲೆಗಳಂತಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. 2015ರಿಂದ 2025ರವರೆಗೆ ಪ್ರತಿ ವರ್ಷವೂ ಬಕ್ರೀದ್ ಈ ನಾಲ್ಕು ತಿಂಗಳೊಳಗೇ ಬಂತು. ಬೀರುವಿನಿಂದ ಹಬ್ಬದ ಬಟ್ಟೆ ತೆಗೆದಾಗ ಕಪ್ಪು ಚುಕ್ಕೆಗಳನ್ನು ಕಂಡು ಮುಖ ಸಪ್ಪೆಯಾದ ಅನುಭವ ನಮಗೂ ಇದೆ. ಆ ಬಟ್ಟೆ ಹಳತಾಗಿರಲಿಲ್ಲ. ಸರಿಯಾಗಿ ಒಣಗಿರಲಿಲ್ಲ, ಅಷ್ಟೆ.

ಬೂಸ್ಟು ಬೆಳೆಯಲು ಎರಡು ವಸ್ತು ಸಾಕು: ತೇವ ಮತ್ತು ಆಹಾರ. ಹತ್ತಿಯ ನೂಲು, ಬೆವರು, ಎಣ್ಣೆಯ ಕಲೆ ಎಲ್ಲವೂ ಅದಕ್ಕೆ ಆಹಾರವೇ. ಗಂಜಿ ಹಾಕಿದ ಬಟ್ಟೆಯಂತೂ ಅದಕ್ಕೆ ಔತಣ. ಆದ್ದರಿಂದ ಮೇ ತಿಂಗಳಲ್ಲೇ ಗಂಜಿ ಹಾಕಿದ ಬಿಳಿ ಮುಂಡು, ಅಂಗಿ, ಹತ್ತಿ ಸೀರೆಗಳನ್ನು ಗಂಜಿ ಹೋಗುವಂತೆ ಒಗೆದು, ಬಿಸಿಲಿಗೆ ಚೆನ್ನಾಗಿ ಒಣಗಿಸಿ ಎತ್ತಿಡಬೇಕು. ಒಮ್ಮೆ ತೊಟ್ಟ ಬಟ್ಟೆಯನ್ನು "ಕೊಳೆ ಕಾಣುವುದಿಲ್ಲ" ಎಂದು ಒಗೆಯದೆ ಮಡಚಿಡಬಾರದು. ನುಸಿಗುಳಿಗೆ ಹುಳುವನ್ನು ತಡೆಯುತ್ತದೆ, ಬೂಸ್ಟನ್ನು ತಡೆಯುವುದಿಲ್ಲ. ಎಳೆಮಕ್ಕಳ ಬಟ್ಟೆಯ ನಡುವೆ ಅದನ್ನು ಇಡಲೇಬಾರದು, ಕೆಲವು ಮಕ್ಕಳ ರಕ್ತಕ್ಕೆ ಅದು ಅಪಾಯ.

ಬೀರುವನ್ನು ಗೋಡೆಗೆ ಒತ್ತಿ ನಿಲ್ಲಿಸದೆ ನಾಲ್ಕು ಬೆರಳು ಅಂತರ ಬಿಡಿ. ಬಟ್ಟೆಗಳನ್ನು ತುರುಕಬೇಡಿ. ಮಳೆ ಬಿಟ್ಟು ಬಿಸಿಲು ಬಂದ ದಿನ ಬಾಗಿಲು ತೆರೆದಿಡಿ, ಒಳಗಿನ ಬಟ್ಟೆಯನ್ನು ಒಮ್ಮೆ ಹೊರಗೆ ಹರಡಿ.

ಒಣಗಿಸುವ ಕ್ರಮ

ಮುಗ್ಗಲು ವಾಸನೆಗೆ ಕಾರಣ ಬಟ್ಟೆ ಬಹಳ ಹೊತ್ತು ತೇವದಲ್ಲೇ ಉಳಿದು ಅದರಲ್ಲಿ ಸೂಕ್ಷ್ಮಜೀವಿಗಳು ಹೆಚ್ಚುವುದು. ಆದ್ದರಿಂದ ಬೇಗ ಒಣಗಿಸುವುದೇ ಇದಕ್ಕೆ ಮದ್ದು. ಮಳೆಗಾಲದಲ್ಲಿ ಅಂಗಿ ಒಣಗಲು ಎರಡು ದಿನ ಬೇಕು. ಹಾಗಾಗಿ ಶುಕ್ರವಾರದ ಅಂಗಿಯನ್ನು ಮಂಗಳವಾರವೇ ಒಗೆಯಿರಿ. ಗುರುವಾರ ರಾತ್ರಿ ಒಗೆದರೆ ಜುಮುಅಕ್ಕೆ ಸಿಗುವುದು ಒದ್ದೆ ಅಂಗಿಯೇ.

ಒಗೆದ ಅಂಗಿಯನ್ನು ಒಣ ಟವೆಲ್‌ನೊಳಗೆ ಸುರುಳಿ ಸುತ್ತಿ ಒತ್ತಿದರೆ ಹಿಂಡಿದರೂ ಉಳಿಯುವ ನೀರು ಟವೆಲ್‌ಗೆ ಇಳಿಯುತ್ತದೆ. ಆಮೇಲೆ ಗುಂಡಿ ಬಿಚ್ಚಿ ಹ್ಯಾಂಗರ್‌ಗೆ ಹಾಕಿ. ಒಂದು ಬಟ್ಟೆಗೂ ಇನ್ನೊಂದಕ್ಕೂ ಅಂಗೈ ಅಗಲ ಜಾಗವಿರಲಿ, ಗಾಳಿಯಾಡುವ ಜಗಲಿಯಲ್ಲೋ ಫ್ಯಾನಿನ ಕೆಳಗೋ ತೂಗುಹಾಕಿ. ಕೊನೆಗೆ ಉಳಿದ ಸ್ವಲ್ಪ ತೇವವನ್ನು ಇಸ್ತ್ರಿಯಿಂದ ತೆಗೆಯಿರಿ. ಇಸ್ತ್ರಿಯಾದ ತಕ್ಷಣ ಮಡಚಿಡದೆ ಅರ್ಧ ಗಂಟೆ ತೂಗಲು ಬಿಡಿ. ಬಿಸಿ ಬಟ್ಟೆಯ ಮಡಿಕೆಯಲ್ಲಿ ಆವಿ ಉಳಿದರೆ ಮತ್ತೆ ಅದೇ ವಾಸನೆ.

ನಮ್ಮ ಅಜ್ಜಿಯಂದಿರು ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ ಬಟ್ಟೆ ಒಣಗಿಸುತ್ತಿದ್ದರು. ಹತ್ತಿ ಬಟ್ಟೆಗೆ ಅದು ಆಗುತ್ತದೆ. ಆದರೆ ಪಾಲಿಯೆಸ್ಟರ್ ಬಟ್ಟೆಗೆ ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗುವುದಂತೂ ಪ್ರಾಣಾಪಾಯ. ಈ ಎಚ್ಚರ ಲೈನ್ ಮನೆಯ ಚಿಕ್ಕ ಕೋಣೆಗಳಲ್ಲಿ ಇರುವವರಿಗೆ ಇನ್ನೂ ಹೆಚ್ಚು ಬೇಕು.

ಬೂಸ್ಟು ಹಿಡಿದಿದ್ದರೆ ಮೊದಲು ಅಂಗಳದಲ್ಲಿ ಒಣ ಬ್ರಷ್‌ನಿಂದ ಉಜ್ಜಿ ಉದುರಿಸಿ. ಮುಗ್ಗಲು ವಾಸನೆ ಮಾತ್ರ ಇದ್ದರೆ ಒಂದು ಬಕೆಟ್ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ, ನಂತರ ಸೋಪಿನಲ್ಲಿ ಒಗೆಯಿರಿ. ಬಿಳಿ ಹತ್ತಿ ಬಟ್ಟೆಯ ಕಲೆಗೆ ನಿಂಬೆರಸ ಮತ್ತು ಉಪ್ಪು ಹಚ್ಚಿ ಬಿಸಿಲಿಗಿಡಬಹುದು. ಬ್ಲೀಚ್ ಬಿಳಿ ಹತ್ತಿಗೆ ಮಾತ್ರ, ರೇಷ್ಮೆಗೂ ಉಣ್ಣೆಗೂ ಬಣ್ಣದ ಬಟ್ಟೆಗೂ ಬೇಡ. ಬ್ಲೀಚ್ ಮತ್ತು ವಿನೆಗರನ್ನು ಎಂದಿಗೂ ಬೆರೆಸಬಾರದು, ವಿಷಗಾಳಿ ಹುಟ್ಟುತ್ತದೆ.

ಕಪ್ಪು ಬುರ್ಖಾ, ಬಿಳಿ ಅಂಗಿ, ಚಪ್ಪಲಿ

ಬುರ್ಖಾ ಬೇಗ ಹಳತಾಗಿ ಕಾಣುವುದು ಬಣ್ಣ ಮಾಸುವುದರಿಂದ. ಒಳಮೈ ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿದರೆ ಕಪ್ಪು ಬಹುಕಾಲ ಉಳಿಯುತ್ತದೆ. ಇಸ್ತ್ರಿಯನ್ನೂ ಒಳಮೈಯಿಂದಲೇ ಹಾಕಬೇಕು. ಇಲ್ಲದಿದ್ದರೆ ಮೊಣಕೈ, ಹೊಲಿಗೆಯ ಜಾಗಗಳು ಹೊಳೆಯತೊಡಗುತ್ತವೆ. ಮಳೆಯಲ್ಲಿ ಕೆಸರು ಹತ್ತುವುದು ಕೆಳಅಂಚಿಗೆ. ಇಡೀ ಬುರ್ಖಾವನ್ನು ದಿನವೂ ಒಗೆಯುವ ಬದಲು ಅಂಚನ್ನಷ್ಟೇ ತೊಳೆದು ತೂಗುಹಾಕಬಹುದು. ಇನ್ನೊಂದು ಮಾತು: ಸ್ನಾನ ಮಾಡಿದ ಒದ್ದೆ ಕೂದಲಿನ ಮೇಲೆ ಶಿರವಸ್ತ್ರ ಕಟ್ಟಬೇಡಿ. ತಲೆಯಲ್ಲಿ ಹೊಟ್ಟು, ತುರಿಕೆ, ವಾಸನೆ ಮೂರೂ ಬರುತ್ತವೆ.

ಬಿಳಿ ಅಂಗಿಯ ಅಂದವನ್ನು ಕೆಡಿಸುವುದು ಕೊರಳಪಟ್ಟಿ. ಒಗೆಯುವ ಮೊದಲು ಅಲ್ಲಿ ಸೋಪು ಹಚ್ಚಿ ಅರ್ಧ ಗಂಟೆ ಬಿಡಿ. ಕೊನೆಯ ನೀರಿಗೆ ಎರಡು ತೊಟ್ಟು ನೀಲಿ ಸಾಕು. ಟೊಪ್ಪಿಯನ್ನೂ ವಾರಕ್ಕೊಮ್ಮೆ ಒಗೆಯಬೇಕು. ಹೊಸ ಅಂಗಿ ತೊಟ್ಟು ಎಣ್ಣೆಜಿಡ್ಡಿನ ಟೊಪ್ಪಿ ಇಟ್ಟರೆ ಕಣ್ಣು ಹೋಗುವುದು ಟೊಪ್ಪಿಗೇ.

ಮಳೆಗಾಲಕ್ಕೆ ರಬ್ಬರ್ ಅಥವಾ ಪ್ಲಾಸ್ಟಿಕ್ ಚಪ್ಪಲಿ ಇರಲಿ, ಚರ್ಮದ್ದನ್ನು ಎತ್ತಿಡಿ. ಚರ್ಮದ ಶೂ ಒದ್ದೆಯಾದರೆ ಒಳಗೆ ಹಳೆಯ ಪೇಪರ್ ತುಂಬಿ ಗಾಳಿಗಿಡಿ. ಒಲೆಯ ಬಳಿ ಇಟ್ಟರೆ ಚರ್ಮ ಬಿರಿಯುತ್ತದೆ.

ಉಗುರು, ಮೀಸೆ ಮತ್ತು ಮೈಯ ಅನಗತ್ಯ ರೋಮ ತೆಗೆಯುವುದನ್ನು 40 ದಿನಕ್ಕಿಂತ ಹೆಚ್ಚು ಮುಂದೂಡಬಾರದೆಂದು ಅನಸ್(ರ) ಅವರ ವರದಿಯಲ್ಲಿದೆ (ಮುಸ್ಲಿಮ್). ಇವೆಲ್ಲ ಸ್ವಲ್ಪವೂ ಖರ್ಚಿಲ್ಲದವು. ಅತ್ತರು ಒಂದು ತೊಟ್ಟು ಸಾಕು, ಅದೂ ತೊಳೆದ ಮೈಗೆ. ಬೆವರಿನ ಮೇಲೆ ಹಚ್ಚಿದ ಅತ್ತರು ಎರಡೂ ವಾಸನೆಯನ್ನು ಹೆಚ್ಚಿಸುತ್ತದೆ.

ಕೊಳ್ಳುವಾಗ ಒಂದು ಲೆಕ್ಕ

ಅಂಗಡಿಯ ಬೆಲೆಚೀಟಿಯಲ್ಲಿ ಅರ್ಧ ಲೆಕ್ಕ ಮಾತ್ರ ಇರುತ್ತದೆ. 400 ರೂಪಾಯಿಯ ಅಂಗಿ 20 ಸಲ ತೊಡುವಷ್ಟರಲ್ಲಿ ಆಕಾರ ಕೆಟ್ಟರೆ ಪ್ರತಿ ಸಲಕ್ಕೆ 20 ರೂಪಾಯಿ ಬಿತ್ತು. 1,000 ರೂಪಾಯಿಯ ಅಂಗಿಯನ್ನು 100 ಸಲ ತೊಟ್ಟರೆ ಪ್ರತಿ ಸಲಕ್ಕೆ 10 ರೂಪಾಯಿ. ಹಾಗೆಂದು ಬೆಲೆ ಹೆಚ್ಚಿದ್ದೆಲ್ಲ ಬಾಳುತ್ತದೆಂದಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೂಲು ಒತ್ತಾಗಿದೆಯೇ ನೋಡಿ. ಮುಷ್ಟಿಯಲ್ಲಿ ಹಿಡಿದು ಬಿಟ್ಟು ಸುಕ್ಕು ಎಷ್ಟು ಉಳಿಯುತ್ತದೆ ನೋಡಿ. ಒಳಗಿನ ಹೊಲಿಗೆ ತಿರುಗಿಸಿ ನೋಡಿ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಾಗಲಿ ದೊಡ್ಡ ಅಂಗಡಿಯಲ್ಲಾಗಲಿ ಈ ಪರೀಕ್ಷೆ ಒಂದೇ.

ಭುಜದ ಅಳತೆ ಸರಿಯಿದ್ದರೆ ಕೊಳ್ಳಿ. ಉದ್ದ, ಸೊಂಟ, ತೋಳನ್ನು ಟೈಲರ್ ಕಡಿಮೆ ಹಣಕ್ಕೆ ಸರಿಪಡಿಸುತ್ತಾರೆ, ಭುಜವನ್ನು ಸರಿಪಡಿಸುವುದು ಕಷ್ಟ. ಮೈಗೆ ಸರಿಯಾಗಿ ಕೂತ ಸಾದಾ ಅಂಗಿ, ಜೋತುಬಿದ್ದ ದುಬಾರಿ ಅಂಗಿಗಿಂತ ಯಾವಾಗಲೂ ಚೆನ್ನ. ಮಕ್ಕಳ ಬಟ್ಟೆಯಲ್ಲಿ ಒಳಮಡಿಕೆ ಹೆಚ್ಚು ಬಿಟ್ಟು ಹೊಲಿಸಿದರೆ ಇನ್ನೊಂದು ವರ್ಷ ಬರುತ್ತದೆ. ಈದ್‌ನ ಖರೀದಿಯನ್ನು ರಮಝಾನಿನ ಕೊನೆಯ ಹತ್ತಕ್ಕೆ ಇಡದೆ ಶಅಬಾನಿನಲ್ಲೇ ಮುಗಿಸಿದರೆ ಹಣವೂ ಉಳಿಯುತ್ತದೆ, ಇಬಾದತಿನ ರಾತ್ರಿಗಳೂ ಉಳಿಯುತ್ತವೆ.

ಹರಿದದ್ದನ್ನು ಹೊಲಿದುಕೊಳ್ಳಲು ನಾಚಿಕೆ ಬೇಡ. ಪ್ರವಾದಿ(ಸ) ತಮ್ಮ ಬಟ್ಟೆಯನ್ನು ತಾವೇ ಹೊಲಿಯುತ್ತಿದ್ದರು, ಪಾದರಕ್ಷೆ ದುರಸ್ತಿ ಮಾಡಿಕೊಳ್ಳುತ್ತಿದ್ದರು ಎಂದು ಆಯಿಶಾ(ರ) ತಿಳಿಸಿದ್ದಾರೆ (ಅಹ್ಮದ್). ಗುಂಡಿ ಹಾಕುವುದನ್ನು, ಹೊಲಿಗೆ ಬಿಟ್ಟಲ್ಲಿ ಕೂಡಿಸುವುದನ್ನು ಗಂಡುಮಕ್ಕಳಿಗೂ ಕಲಿಸಿ.

ಸಾಲ ಹುಟ್ಟುವುದು ನಾಲಿಗೆಯಲ್ಲಿ

ಇಷ್ಟೆಲ್ಲ ಗೊತ್ತಿದ್ದೂ ನಾವು ಸಾಲ ಏಕೆ ಮಾಡುತ್ತೇವೆ? "ಆ ಮದುವೆಗೂ ಇದನ್ನೇ ಉಟ್ಟಿದ್ದಳಲ್ಲ" ಎಂಬ ಒಂದು ಮಾತಿಗೆ ಹೆದರಿ. ಫೋನಿನ ಫೋಟೋಗಳು ಬಂದ ಮೇಲೆ ಈ ಹೆದರಿಕೆ ಹೆಚ್ಚಾಗಿದೆ. ಬಟ್ಟೆ ಹಳತಾಗುವ ಮೊದಲೇ ಫೋಟೋದಲ್ಲಿ ಹಳತಾಗುತ್ತದೆ. ಒಂದು ದಿನದ ಉಡುಗೆಗೆ ತಿಂಗಳುಗಟ್ಟಲೆ ಕಂತು ಕಟ್ಟುವ ಮನೆಯ ಉಮ್ಮ ಆ ಬಟ್ಟೆಯಲ್ಲಿ ನೆಮ್ಮದಿಯಿಂದ ನಗಲಾರಳು. ಕಂತಿನ ಜೊತೆ ಬಡ್ಡಿಯೂ ಸೇರಿದರೆ ಹೇಳುವುದೇ ಬೇಡ.

ಒಳ್ಳೆಯ ಬಟ್ಟೆ, ಒಳ್ಳೆಯ ಪಾದರಕ್ಷೆ ಇಷ್ಟಪಡುವುದು ಅಹಂಕಾರವೇ ಎಂದು ಒಬ್ಬರು ಕೇಳಿದಾಗ, ಅಲ್ಲಾಹನು ಸೌಂದರ್ಯವನ್ನು ಮೆಚ್ಚುವವನು, ಅಹಂಕಾರವೆಂದರೆ ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ಕಾಣುವುದು ಎಂಬ ಅರ್ಥದ ಉತ್ತರ ಪ್ರವಾದಿ(ಸ)ರಿಂದ ಬಂತು (ಮುಸ್ಲಿಮ್). ಅಂದರೆ ಅಂದವಾಗಿ ಉಡುವವರು ತಪ್ಪಿತಸ್ಥರಲ್ಲ. ಇನ್ನೊಬ್ಬರ ಉಡುಗೆಯನ್ನು ಎಣಿಸಿ ಹೀಯಾಳಿಸುವವರೇ ಎಚ್ಚರಗೊಳ್ಳಬೇಕು. ಈ ಎಚ್ಚರ ನಮ್ಮ ಮನೆಯ ಜಗಲಿಯಿಂದಲೇ ಶುರುವಾಗಲಿ.

2018ರ ಆಗಸ್ಟ್ ನೆನಪಿಸಿಕೊಳ್ಳಿ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದಾಗ ಎಷ್ಟೋ ಕುಟುಂಬಗಳು ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ಬಂದವು. ಕೆಲವೇ ದಿನಗಳಲ್ಲಿ, ಆಗಸ್ಟ್ 22ಕ್ಕೆ ಬಕ್ರೀದ್ ಬಂತು. ಎಲ್ಲ ಕಳೆದುಕೊಂಡವರ ಹತ್ತಿರ ಯಾರೂ ಹೊಸ ಬಟ್ಟೆ ಎಲ್ಲಿ ಎಂದು ಕೇಳಲಿಲ್ಲ. ಆ ದಿನಗಳಲ್ಲಿ ಒಗೆದು ಒಣಗಿಸಿದ ಒಂದು ಜೊತೆ ಬಟ್ಟೆಯ ಬೆಲೆ ಎಷ್ಟೆಂಬುದು ನಮಗೆಲ್ಲ ತಿಳಿಯಿತು. ನಾವು ಕೊಡುವ ಬಟ್ಟೆಯೂ ಅದೇ ಗೌರವದಿಂದ ಹೋಗಬೇಕು: ಒಗೆದು, ಗುಂಡಿ ಹಾಕಿ, ಇಸ್ತ್ರಿ ಮಾಡಿ. ನಾವು ತೊಡಲು ಹೇಸುವುದನ್ನು ಇನ್ನೊಬ್ಬರಿಗೆ ದಾನವೆಂದು ಕೊಡಬಾರದು.

ಈ ವಾರ ಮನೆಯ ಬೀರುವನ್ನು ಒಮ್ಮೆ ತೆರೆದು ನೋಡೋಣ. ಒಗೆಯಬೇಕಾದ್ದನ್ನು ಒಗೆಯೋಣ, ಹೊಲಿಯಬೇಕಾದ್ದನ್ನು ಹೊಲಿಯೋಣ, ಹೆಚ್ಚಿಗೆ ಇರುವುದನ್ನು ಕೊಡೋಣ. ಪ್ರತಿಯೊಬ್ಬರಿಗೂ ಒಂದು ಜೊತೆ ಜುಮುಅಕ್ಕೆಂದು ಎತ್ತಿಡೋಣ. ಹಿಂದಿನ ಮೂಲೆಯಲ್ಲಿ ನಿಲ್ಲುವ ಹುಡುಗನನ್ನು ಕೈಹಿಡಿದು ಮುಂದಿನ ಸಫ್‌ಗೆ ಕರೆದುಕೊಳ್ಳೋಣ. ಶುಚಿತ್ವ, ಮಿತವ್ಯಯ ಮತ್ತು ಸಾಲವಿಲ್ಲದ ಬದುಕನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.